ಟಿಇಟಿಯಲ್ಲಿ 118 ಬಂದವರಿಗೆ ತರಗತಿ ಯಾಕೆ ಹಿಡಿಯೋಕೆ ಆಗಲ್ಲ?

ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆಯ ಅಧಿಸೂಚನೆ ಬಂದಾಗಲೆಲ್ಲ ಅವೇ ಪ್ರಶ್ನೆಗಳು ಮತ್ತೆ ಬರುತ್ತವೆ. ಅರ್ಜಿ ಹೇಗೆ ಹಾಕೋದು, ಫೋಟೋ ಸೈಜ್ ಎಷ್ಟು ಅನ್ನೋದಕ್ಕೆಲ್ಲ ಇಲ್ಲಿ ಉತ್ತರ ಇಲ್ಲ. ಅಧಿಸೂಚನೆ ಪೂರ್ತಿ ಓದಿ. ಈ ಸಲ ಜಾಸ್ತಿ ಜಾಗ ಒಬ್ಬ ಮುಖ್ಯ ಶಿಕ್ಷಕರ ಪತ್ರಕ್ಕೆ ಕೊಟ್ಟಿದ್ದೇನೆ, ಯಾಕೆಂದರೆ ಇದೇ ದೂರು ಬೇರೆ ಬೇರೆ ಕಡೆಯಿಂದ ಕೇಳಿ ಕೇಳಿ ಸಾಕಾಗಿದೆ.

ಟಿಇಟಿ ಪಾಸಾದರೆ ಸರ್ಕಾರಿ ಕೆಲಸ ಗ್ಯಾರಂಟಿನಾ?

ಇಲ್ಲ. ಅದು ಅರ್ಹತೆ ಮಾತ್ರ, ನೇಮಕಾತಿ ಬೇರೆ.

ನಮ್ಮ ಶಾಲೆಗೆ ಹೊಸ ಶಿಕ್ಷಕಿ ಬಂದಿದ್ದಾರೆ. ಟಿಇಟಿಯಲ್ಲಿ 118 ಅಂಕ. ಆದರೆ ನಾಲ್ಕನೇ ತರಗತಿ ಹಿಡಿಯೋಕೆ ಆಗುತ್ತಿಲ್ಲ, ಯಾವಾಗಲೂ ಗಲಾಟೆ. ನಾನು ದಿನಾ ಹಿಂದೆ ಕೂತು ತಪ್ಪುಗಳನ್ನು ಬರೆದುಕೊಂಡು ಸಂಜೆ ಸ್ಟಾಫ್ ರೂಮಿನಲ್ಲಿ ಹೇಳುತ್ತೇನೆ. ಕೈಯಲ್ಲಿ ಒಂದು ಕೋಲು ಇರಲಿ ಅಂದರೂ ಕೇಳುವುದಿಲ್ಲ. ಈ ಪರೀಕ್ಷೆಗೆ ಅರ್ಥ ಇದೆಯಾ?

ಸರ್, ಮೊದಲು ಕೋಲಿನ ಮಾತು. ಆಕೆ ಕೇಳದೇ ಇದ್ದದ್ದು ಒಳ್ಳೆಯದಾಯಿತು. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಕ್ಕಳಿಗೆ ಹೊಡೆಯೋದನ್ನೂ ಮಾನಸಿಕ ಹಿಂಸೆ ಕೊಡೋದನ್ನೂ ನಿಷೇಧಿಸಿದೆ. ಮುಖ್ಯ ಶಿಕ್ಷಕರೇ ಹೊಸಬರಿಗೆ ಕೋಲು ಹಿಡಿಯಲು ಹೇಳೋದು ನನಗೆ ಸಹಿಸೋಕೆ ಆಗಲ್ಲ.

ಇನ್ನು ಪರೀಕ್ಷೆ. ಟಿಇಟಿ ಅಂದರೆ 150 ಪ್ರಶ್ನೆ, 150 ನಿಮಿಷ, ನಾಲ್ಕು ಆಯ್ಕೆಯಲ್ಲಿ ಒಂದಕ್ಕೆ ಗುರುತು. 90 ಬಂದರೆ ಪಾಸು, ಮೀಸಲಾತಿಯ ಕೆಲವರಿಗೆ ರಿಯಾಯಿತಿ ಇದೆ. ವಿಷಯ ಗೊತ್ತಾ, ಮಗು ಹೇಗೆ ಕಲಿಯುತ್ತದೆ ಅನ್ನೋದು ಗೊತ್ತಾ ಅಂತ ಅದು ನೋಡುತ್ತದೆ. ಮೂವತ್ತು ಮಕ್ಕಳ ಮುಂದೆ ನಿಲ್ಲೋದನ್ನು ಅದು ಅಳೆಯೋದೇ ಇಲ್ಲ. ಈಜಿನ ಪುಸ್ತಕ ಓದಿದವರನ್ನು ಬಾವಿಗೆ ಇಳಿಸಿ ದಡದಲ್ಲಿ ಕೂತು ತಪ್ಪು ಎಣಿಸಿದ ಹಾಗಿದೆ ನೀವು ಮಾಡುತ್ತಿರೋದು.

ಒಂದು ಲೆಕ್ಕ ತಗೊಳ್ಳಿ. 403ರಲ್ಲಿ 168 ಕಳೆಯಬೇಕು. ಕೆಲವು ಮಕ್ಕಳು 365 ಅಂತ ಬರೆಯುತ್ತಾರೆ. ಮೇಲಿದೆಯೋ ಕೆಳಗಿದೆಯೋ ನೋಡದೆ, ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದಿರುತ್ತಾರೆ. ಇದನ್ನು ಟಿಇಟಿಯಲ್ಲಿ ಕೇಳಿದರೆ ನಿಮ್ಮ ಶಿಕ್ಷಕಿ ಸರಿಯಾದ ಉತ್ತರಕ್ಕೇ ಗುರುತು ಹಾಕುತ್ತಾರೆ. ತರಗತಿಯಲ್ಲಿ ಏನಾಗುತ್ತದೆ? ಐದು ಮಕ್ಕಳು 365 ಬರೆದಿರುತ್ತಾರೆ, ಹತ್ತು ಮಕ್ಕಳು ಮುಗಿಸಿ ಗಲಾಟೆ ಶುರು ಮಾಡಿರುತ್ತಾರೆ, ಇಬ್ಬರು ನೀರು ಕುಡಿಯೋಕೆ ಹೋಗಬೇಕು ಅಂತ ಬಾಗಿಲಲ್ಲಿ ನಿಂತಿರುತ್ತಾರೆ, ಆಗ ಯಾರ ಹತ್ತಿರ ಮೊದಲು ಹೋಗಬೇಕು, ಮುಗಿಸಿದವರಿಗೆ ಏನು ಕೊಡಬೇಕು, ನೂರರ ಕಟ್ಟು ಬಿಚ್ಚಿ ಹತ್ತರ ಕಟ್ಟು ಮಾಡಿ ತೋರಿಸೋಕೆ ಕಡ್ಡಿ ಎಲ್ಲಿದೆ ಅನ್ನೋದೆಲ್ಲ ಒಂದೇ ಹೊತ್ತಿಗೆ ತಲೆಯಲ್ಲಿ ಓಡಬೇಕು. ಇದು ಪಕ್ಕದಲ್ಲಿ ಇನ್ನೊಬ್ಬ ಶಿಕ್ಷಕರು ಮಾಡೋದನ್ನು ನೋಡಿ ನೋಡಿ ಬರುವಂಥದ್ದು.

ಹಾಗಾಗಿ ಮೊದಲು ಆಕೆಯನ್ನು ನಿಮ್ಮ ಶಾಲೆಯ ಅನುಭವಿ ಶಿಕ್ಷಕರೊಬ್ಬರ ತರಗತಿಯಲ್ಲಿ ಕೂರಿಸಿ. ಆಮೇಲೆ ಆ ಶಿಕ್ಷಕರು ಆಕೆಯ ತರಗತಿಗೆ ಬರಲಿ. ಒಂದು ದಿನಕ್ಕೆ ಒಂದೇ ವಿಷಯ ನೋಡಲಿ: ಇವತ್ತು ಪಾಠ ಶುರುವಾಗೋ ಮೊದಲ ಐದು ನಿಮಿಷ, ನಾಳೆ ಬೇಗ ಮುಗಿಸಿದ ಮಕ್ಕಳು. ಮಾತಾಡೋದು ಅದೇ ದಿನ, ಇಬ್ಬರೇ ಇರುವಾಗ. ಎಲ್ಲರೆದುರು ತಪ್ಪಿನ ಪಟ್ಟಿ ಓದಿದರೆ ಯಾರೂ ಕಲಿಯೋದಿಲ್ಲ, ನೀವು ಬಂದಾಗ ಮಾತ್ರ ಮಕ್ಕಳನ್ನು ಸುಮ್ಮನೆ ಕೂರಿಸೋದನ್ನು ಕಲಿಯುತ್ತಾರೆ.

ಆ ಅನುಭವಿ ನೀವೇ ಆಗಬೇಡಿ ಸರ್. ಆಕೆಯ ಪ್ರೊಬೇಷನ್ ವರದಿಗೆ ನಿಮ್ಮ ಮಾತೂ ಸೇರುತ್ತದೆ. ವರದಿ ಬರೆಯೋರ ಮುಂದೆ 'ನನಗೆ ಇದು ಬರ್ತಿಲ್ಲ' ಅಂತ ಯಾರು ಹೇಳುತ್ತಾರೆ? ನಿಮ್ಮ ಕೈಲಿ ಆಗೋದು ಬೇರೆ ಇದೆ. ಬಿಸಿಯೂಟದ ಲೆಕ್ಕ, ಕಂಪ್ಯೂಟರಿಗೆ ಮಾಹಿತಿ ತುಂಬೋದನ್ನು ಮೊದಲ ವರ್ಷ ಆಕೆಯ ತಲೆಗೆ ಕಟ್ಟಬೇಡಿ. ಹೊಸಬರಿಗೆ ಯಾರೂ ಬೇಡ ಅಂದ ತರಗತಿ ಕೊಡೋ ರೂಢಿಯನ್ನೂ ಬಿಡಿ. ಸಿಆರ್‌ಪಿ (ಸುತ್ತಲಿನ ಶಾಲೆಗಳ ಗುಂಪು, ಅಂದರೆ ಕ್ಲಸ್ಟರ್ ನೋಡಿಕೊಳ್ಳೋ ಸಂಪನ್ಮೂಲ ವ್ಯಕ್ತಿ) ಬಂದು ಹೇಳಿಕೊಡಲಿ ಅಂತ ಕಾಯಬೇಡಿ, ಇಡೀ ಕ್ಲಸ್ಟರ್ ಅವರ ಮೇಲಿದೆ. 2020ರ ಶಿಕ್ಷಣ ನೀತಿಯ ನಂತರ ಎನ್‌ಸಿಟಿಇ (ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಮಂಡಳಿ) ಶಿಕ್ಷಕರಿಗೆ ಮಾರ್ಗದರ್ಶಕರನ್ನು ಒದಗಿಸೋ ರಾಷ್ಟ್ರೀಯ ಮಿಷನ್ ಶುರು ಮಾಡಿದೆ, ಒಳ್ಳೆಯದೇ. ಆದರೆ ಆಕೆಗೆ ನಾಳೆ ಬೆಳಿಗ್ಗೆ ಬೇಕಾಗಿರೋದು ಪಕ್ಕದ ಕೊಠಡಿಯವರು. ದುಡ್ಡು ತಗೊಂಡು ಎರಡು ಗಂಟೆಯಲ್ಲಿ ತರಗತಿ ನಿಯಂತ್ರಣ ಕಲಿಸುತ್ತೇವೆ ಅನ್ನೋ ತರಬೇತುದಾರರನ್ನಂತೂ ಶಾಲೆಗೆ ಸೇರಿಸಲೇಬೇಡಿ.

ಬಿ.ಇಡಿ ಆಗಿದೆ. ಪತ್ರಿಕೆ 1 ಬರೆದು ಒಂದರಿಂದ ಐದನೇ ತರಗತಿಗೆ ಹೋಗಬಹುದಾ?

ಆಗಲ್ಲ. 2023ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಹೇಳಿ ಮುಗಿದಿದೆ. ಆರರಿಂದ ಎಂಟನೇ ತರಗತಿಗಿರೋ ಪತ್ರಿಕೆ 2ಕ್ಕೆ ಓದಿ.

ಸರ್ಟಿಫಿಕೇಟ್ ಏಳು ವರ್ಷಕ್ಕೆ ಮುಗಿಯುತ್ತಾ?

2021ರಲ್ಲೇ ಜೀವನಪೂರ್ತಿ ಅಂತ ಆಗಿದೆ, 2011ರಿಂದ ಪಾಸಾದವರಿಗೂ ಸೇರಿ. ಅಂಕ ಜಾಸ್ತಿ ಬೇಕಿದ್ದರೆ ಮತ್ತೆ ಬರೆಯಬಹುದು.

ನನಗೆ ಇನ್ನೂ ಹನ್ನೆರಡು ವರ್ಷ ಸರ್ವೀಸ್ ಇದೆ. ನಾನೂ ಟಿಇಟಿ ಬರೆಯಬೇಕಾ? ಸಂಘದವರು ಏನೂ ಆಗಲ್ಲ ಅಂತಾರೆ.

2025ರ ಸೆಪ್ಟೆಂಬರ್ 1ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ, ನಿವೃತ್ತಿಗೆ ಐದು ವರ್ಷಕ್ಕಿಂತ ಜಾಸ್ತಿ ಇರುವವರು ಎರಡು ವರ್ಷದೊಳಗೆ ಪಾಸಾಗಬೇಕು. ಐದಕ್ಕಿಂತ ಕಡಿಮೆ ಇದ್ದರೆ ಕೆಲಸ ಉಳಿಯುತ್ತದೆ, ಟಿಇಟಿ ಇಲ್ಲದೆ ಬಡ್ತಿ ಇಲ್ಲ. ಅಲ್ಪಸಂಖ್ಯಾತ ಸಂಸ್ಥೆಗಳ ವಿಷಯವನ್ನು ದೊಡ್ಡ ಪೀಠಕ್ಕೆ ಕಳಿಸಿದ್ದಾರೆ. ಇಷ್ಟು ವರ್ಷ ಪಾಠ ಮಾಡಿದವರಿಗೆ ಇದು ನೋವಿನ ವಿಷಯ, ಗೊತ್ತು. ಆದರೂ ಯಾರದೋ ಭರವಸೆ ನಂಬಿ ಸುಮ್ಮನೆ ಕೂರಬೇಡಿ, ಓದು ಶುರು ಮಾಡಿ. ಸಂಘ ಹೋರಾಡಿ ಗೆದ್ದರೆ ನಿಮಗೆ ನಷ್ಟ ಏನೂ ಇಲ್ಲ, ಸೋತರೆ ಹೋಗೋದು ನಿಮ್ಮ ಕೆಲಸ.

ಒಬ್ಬರು ದುಡ್ಡು ಕೊಟ್ಟರೆ ಹಿಂದಿನ ದಿನವೇ ಪ್ರಶ್ನೆಪತ್ರಿಕೆ ಕಳಿಸುತ್ತೇವೆ ಅಂತ ಮೆಸೇಜ್ ಮಾಡಿದ್ದಾರೆ, ನಂಬಬಹುದಾ?

ಪೊಲೀಸರಿಗೆ ದೂರು ಕೊಡಿ. ಈ ಪ್ರಶ್ನೆಯನ್ನು ನನಗೆ ಇನ್ನೊಮ್ಮೆ ಕಳಿಸಬೇಡಿ.