ಹಳೆ ಕಾರಿಗೆ ಸೆಕೆಂಡ್ ಹ್ಯಾಂಡ್ ಯುರೋಪಿಯನ್ ಹೆಡ್‌ಲೈಟ್ ಹಾಕಿದ್ರೂ ಬೆಳಕು ಮಂದ ಯಾಕೆ?

ಹೆಚ್ಚಾಗಿ ಒಳಗಿನ ರಿಫ್ಲೆಕ್ಟರ್ (ಬಲ್ಬಿನ ಬೆಳಕನ್ನ ಮುಂದಕ್ಕೆ ತಳ್ಳೋ ಕನ್ನಡಿಯಂಥ ಬಟ್ಟಲು) ಮಸುಕಾಗಿರತ್ತೆ, ಹೊರಗಿನ ಗಾಜಲ್ಲ. ಗಾಜು ಸೋಪು ನೀರಲ್ಲಿ ತೊಳೆದ್ರೆ ಸಾಕು, ಆದ್ರೆ ರಿಫ್ಲೆಕ್ಟರ್ ಮೇಲಿರೋದು ಅಲ್ಯೂಮಿನಿಯಂನ ತುಂಬಾ ತೆಳು ಪದರ, ಪಾಲಿಶ್ ಹಾಕಿ ಉಜ್ಜಿದ್ರೆ ಅದೇ ಎದ್ದು ಬರತ್ತೆ (ಉಜ್ಜೋಕೆ ಕೈ ತುರಿಸತ್ತೆ, ಬೇಡ), ಕಪ್ಪಾಗಿದ್ರೆ ಮತ್ತೆ ಕೋಟಿಂಗ್ ಮಾಡಿಸೋದೇ ದಾರಿ. ರಿಫ್ಲೆಕ್ಟರ್ ಚೆನ್ನಾಗಿದ್ರೆ ವೈರಿಂಗ್ ನೋಡಿ, ಹಳೆ ಸ್ವಿಚ್ಚು, ತೆಳು ವೈರಲ್ಲೇ ವೋಲ್ಟೇಜ್ ಕಳೆದೋಗತ್ತೆ, ಹ್ಯಾಲೊಜೆನ್ ಬಲ್ಬಲ್ಲಿ ವೋಲ್ಟೇಜ್ ಶೇ. 10 ಇಳಿದ್ರೆ ಬೆಳಕು ಸುಮಾರು ಶೇ. 30 ಹೋಗತ್ತೆ. ಅದಕ್ಕೇ ಬ್ಯಾಟರಿಯಿಂದ ಫ್ಯೂಸ್, ರಿಲೇ (ಸಣ್ಣ ಕರೆಂಟಿಂದ ದೊಡ್ಡ ಕರೆಂಟನ್ನ ಆನ್-ಆಫ್ ಮಾಡೋ ಸ್ವಿಚ್ಚು) ಹಾಕಿ ನೇರವಾಗಿ ದಪ್ಪ ವೈರ್ ಎಳೀರಿ. ಹಾಂ, ಗಾಜಿನ ಮೇಲೆ ಬಾಣದ ಗುರುತಿಲ್ಲ ಅಂದ್ರೆ ಅದು ರಸ್ತೆಯ ಬಲಗಡೆ ಓಡಿಸೋ ದೇಶದ್ದು, ಎಡಗಡೆ ಓಡಿಸೋ ಕಡೆ ಹಾಕಿದ್ರೆ ಎದುರು ಬರೋರ ಕಣ್ಣಿಗೇ ಹೊಡೆಯತ್ತೆ.