ಕೋಡ್ ಬದಲಾದರೆ ಕೈಪಿಡಿಯ ಗತಿ?

ಪ್ರಶ್ನೆ: ಬೋಧನೆಗಾಗಿ ಎಕ್ಸ್‌ವಿ6 ಮಾದರಿಯ ಪುಟ್ಟ ಆಪರೇಟಿಂಗ್ ಸಿಸ್ಟಂ ಒಂದನ್ನು ಬೆಳೆಸಿದ್ದೇವೆ. ಪ್ರತಿ ವರ್ಷ ಕೋಡ್ ತಿದ್ದುತ್ತೇವೆ, ಕೈಪಿಡಿ ಹಿಂದೆ ಬೀಳುತ್ತದೆ. ಕೋಡ್ ಇಷ್ಟು ಸರಳವಾಗಿರುವಾಗ ಕೈಪಿಡಿಯನ್ನೇ ಕೈಬಿಡಬಹುದೇ?

ಉತ್ತರ: ದಯವಿಟ್ಟು ಬಿಡಬೇಡಿ. ಕೋಡ್ ಏನು ಮಾಡುತ್ತದೆ ಎಂಬುದನ್ನು ವಿದ್ಯಾರ್ಥಿ ಓದಿಯೇ ತಿಳಿಯಬಲ್ಲ. ಹಾಗೇಕೆ ಬರೆದಿದೆ ಎಂಬುದು ಅಲ್ಲಿ ಕಾಣುವುದಿಲ್ಲ.

ಇಂಥದ್ದೇ ಕೈಪಿಡಿಯೊಂದನ್ನು ನಾನು ಆರು ವರ್ಷ ನೋಡಿಕೊಂಡೆ. ಪ್ರೊಸೆಸ್ ಅನ್ನು, ಅಂದರೆ ಓಡುತ್ತಿರುವ ಪ್ರೋಗ್ರಾಂ ಅನ್ನು, ಕಾಯುವಂತೆ ಮಲಗಿಸುವ ಸ್ಲೀಪ್ ಫಂಕ್ಷನ್ ಬಗ್ಗೆ ಬರೆದದ್ದು ಇಷ್ಟೇ: 'ಪ್ರೊಸೆಸ್‌ನ ಲಾಕ್ ಹಿಡಿಯುತ್ತದೆ, ಕರೆದವರ ಲಾಕ್ ಬಿಡುತ್ತದೆ, ಮಲಗಿಸುತ್ತದೆ.' ಲಾಕ್ ಎಂದರೆ ಹಂಚಿಕೊಂಡ ಮಾಹಿತಿಯನ್ನು ಒಂದು ಸಲಕ್ಕೆ ಒಬ್ಬರೇ ಮುಟ್ಟುವಂತೆ ಕಾಯುವ ಬೀಗ. ಒಬ್ಬ ವಿದ್ಯಾರ್ಥಿನಿ ಮೊದಲೆರಡು ಸಾಲುಗಳನ್ನು ಅದಲುಬದಲು ಮಾಡಿದಳು. ಎರಡು ಲಾಕ್ ಒಟ್ಟಿಗೆ ಹಿಡಿಯುವುದು ಅವಳಿಗೆ ಅಪಾಯವೆನಿಸಿತ್ತು. ಆ ಎಚ್ಚರ ಒಳ್ಳೆಯದೇ. ಆದರೆ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುವಷ್ಟರಲ್ಲಿ ಬೇರೆ ಸಿಪಿಯುನಲ್ಲಿ ಮಲಗಿದ್ದನ್ನು ಎಬ್ಬಿಸುವ ವೇಕಪ್ ಫಂಕ್ಷನ್ ಓಡಿಬಿಟ್ಟರೆ, ಎಬ್ಬಿಸಲು ಆಗಿನ್ನೂ ಯಾರೂ ಮಲಗಿರುವುದಿಲ್ಲ. ವೇಕಪ್ ಬರಿದೇ ಹೋಗುತ್ತದೆ. ಆಮೇಲೆ ಮಲಗಿದ ಪ್ರೊಸೆಸ್ ಏಳುವುದೇ ಇಲ್ಲ. ಹೆಚ್ಚಿನ ಸಲ ಎಲ್ಲವೂ ಸರಿಯಾಗಿ ಓಡುತ್ತಿದ್ದುದರಿಂದ ಅವಳು ಮೂರು ರಾತ್ರಿ ಹುಡುಕಿದಳು. ಈ ಕ್ರಮ ಏಕೆ, ತಿರುಗಿಸಿದರೆ ಏನಾಗುತ್ತದೆ ಎಂಬ ಎರಡು ವಾಕ್ಯಗಳನ್ನು ನಾನು ಬರೆದಿದ್ದರೆ ಆ ರಾತ್ರಿಗಳು ಉಳಿಯುತ್ತಿದ್ದವು. ಅದು ನನ್ನನ್ನು ಇಂದಿಗೂ ನೋಯಿಸುತ್ತದೆ.

ಹಾಗಾಗಿ ಕೈಪಿಡಿಯಲ್ಲಿ ಕೋಡಿನ ಪ್ರತಿಧ್ವನಿಯನ್ನು ಅಳಿಸಿಹಾಕಿ. ಅರ್ಧದಷ್ಟು ಪುಟಗಳು ಹೋಗುತ್ತವೆ, ಹೋಗಲಿ. ಉಳಿದದ್ದು ಬೇಗ ಹಳತಾಗುವುದಿಲ್ಲ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ 2006ರಲ್ಲಿ ಹುಟ್ಟಿದ ಎಕ್ಸ್‌ವಿ6, 2019ರಲ್ಲಿ ಎಕ್ಸ್86 ಪ್ರೊಸೆಸರ್ ಬಿಟ್ಟು ರಿಸ್ಕ್-ವಿ ಎಂಬ ಬೇರೆ ಬಗೆಯ ಪ್ರೊಸೆಸರ್‌ಗೆ ಬಂತು. ರಿಸ್ಕ್-ವಿಯಲ್ಲಿ ಎಕ್ಸ್86 ಮೆಮೊರಿಯನ್ನು ವಿಂಗಡಿಸುವ ಸೆಗ್ಮೆಂಟ್‌ಗಳೇ ಇಲ್ಲ, ಅವುಗಳ ವಿವರಣೆಗೆ ಕೆಲಸವಿಲ್ಲ. ಕಳೆದುಹೋಗುವ ವೇಕಪ್‌ನ ವಿಚಾರ ಮಾತ್ರ ಯಂತ್ರ ಬದಲಾದರೂ ಹಾಗೆಯೇ ಇದೆ.

ಸಾಲಿನ ಸಂಖ್ಯೆಗಳನ್ನು ಕೈಯಾರೆ ಬರೆಯಬೇಡಿ. ಫಂಕ್ಷನ್‌ನ ಹೆಸರು ಸಾಕು, ಅಥವಾ ಸಂಖ್ಯೆಗಳನ್ನು ಸ್ಕ್ರಿಪ್ಟ್‌ನಿಂದ ತುಂಬಿಸಿ. ಕೈಪಿಡಿ ಕೋಡ್ ಇರುವ ರೆಪಾಸಿಟರಿಯಲ್ಲೇ ಇರಲಿ. ಲಾಕ್‌ನ ಕ್ರಮ ಬದಲಿಸಿದ ಕಮಿಟ್‌ನಲ್ಲಿ (ಒಮ್ಮೆಗೆ ಸೇರಿಸುವ ತಿದ್ದುಪಡಿಗಳ ಕಂತು) ಕೈಪಿಡಿಯ ತಿದ್ದುಪಡಿ ಇಲ್ಲದಿದ್ದರೆ ಅದನ್ನು ಒಪ್ಪಬೇಡಿ, ಬರೆದವರು ನೀವೇ ಆಗಿದ್ದರೂ. ಪ್ರೊಸೆಸ್‌ಗಳ ಮಿತಿ 64 ಎಂದಿದ್ದರೆ ಪಟ್ಟಿಯನ್ನು ಸರಳವಾಗಿಡಲು ಹಾಗೆ ಮಾಡಿದ್ದೆಂದು ಪಕ್ಕದಲ್ಲೇ ಹೇಳಿ. ಇಲ್ಲವಾದರೆ ವಿದ್ಯಾರ್ಥಿ ಅದನ್ನು ಯಂತ್ರದ ನಿಯಮವೆಂದುಕೊಳ್ಳುತ್ತಾನೆ.

ಎಲ್ಲವನ್ನೂ ಈ ವರ್ಷವೇ ಮುಗಿಸಬೇಕಿಲ್ಲ. ಸ್ಲೀಪ್‌ನಿಂದಲೇ ಶುರುಮಾಡಿ.