ಉರಿ ಬರದೆಯೇ ಕೈ ಸೋತು ಹೋಗುತ್ತಿದೆ, ವರ್ಕೌಟ್ ಬದಲಿಸಬೇಕಾ?

ನೀವು ಕೇಳಿರುವುದು ಇಷ್ಟು: ಬೆಂಚ್ ಪ್ರೆಸ್ (ಬೆಂಚ್ ಮೇಲೆ ಮಲಗಿ ಭಾರದ ಬಾರನ್ನು ಎದೆಯಿಂದ ಮೇಲಕ್ಕೆ ತಳ್ಳುವುದು) ಮಾಡುವಾಗ ಐದಾರು ರೆಪ್ಸ್, ಅಂದರೆ ಐದಾರು ಸಲ ಎತ್ತಿದ ಮೇಲೆ ಬಾರ್ ಮೇಲಕ್ಕೆ ಹೋಗುವುದೇ ಇಲ್ಲ. ಆದರೆ ಎದೆಯಲ್ಲಾಗಲಿ ತೋಳಿನಲ್ಲಾಗಲಿ ಉರಿ ಬರುವುದಿಲ್ಲ. ಜೊತೆಗಿರುವವರು ‘ಉರಿ ಬಂದರೇನೇ ಮಸಲ್ ಬೆಳೆಯೋದು’ ಅನ್ನುತ್ತಾರೆ.

ಉರಿ ಬರದಿದ್ದರೆ ಏನೂ ತೊಂದರೆ ಇಲ್ಲ. ಇದೇ ಚಿಂತೆಯಲ್ಲಿ ನಾನು ಸುಮಾರು ಆರು ತಿಂಗಳು ಕಳೆದುಕೊಂಡಿದ್ದೇನೆ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಸ್ಕೂಲಿನಲ್ಲಿ ಮೇಷ್ಟ್ರು 50 ಬಸ್ಕಿ ಹೊಡೆಸಿದ್ದು ನೆನಪಿದೆಯಾ? ಮೂವತ್ತು ದಾಟುವ ಹೊತ್ತಿಗೆ ತೊಡೆ ಬೆಂಕಿ. ಈಗ 50 ಕೆಜಿ ಅಕ್ಕಿ ಮೂಟೆ ಎತ್ತುವುದನ್ನು ನೆನೆಸಿಕೊಳ್ಳಿ. ನಾಲ್ಕು ಸಲ ಎತ್ತುತ್ತೀರಿ. ಐದನೇ ಸಲ ಅದು ಜಪ್ಪಯ್ಯ ಅಂದರೂ ಮೇಲೇಳುವುದಿಲ್ಲ. ಉರಿಯೇನೂ ಇಲ್ಲ, ಆದರೆ ಶಕ್ತಿ ಮುಗಿದಿದೆ, ಅಲ್ವಾ?

ಭಾರ ಎತ್ತುವಾಗ ಮೊದಲ ಹತ್ತು ಸೆಕೆಂಡು ಮಸಲ್‌ಗೆ ಶಕ್ತಿ ಬರುವುದು ಹೆಚ್ಚಾಗಿ ಅದರೊಳಗೇ ಇರುವ ಕ್ರಿಯಾಟಿನ್ ಫಾಸ್ಫೇಟ್‌ನಿಂದ. ಕೆಲಸ ಇನ್ನೂ ನಡೆದರೆ ಮಸಲ್ ಕೂಡಿಟ್ಟುಕೊಂಡ ಸಕ್ಕರೆ, ಅಂದರೆ ಗ್ಲೈಕೋಜನ್, ಒಡೆಯುವುದು ಜಾಸ್ತಿಯಾಗುತ್ತದೆ. ಆಗ ಲ್ಯಾಕ್ಟೇಟ್, ಹೈಡ್ರೋಜನ್ ಅಯಾನುಗಳೆಲ್ಲ ಸೇರುತ್ತಾ ಹೋಗುತ್ತವೆ. ಅಲ್ಲಿನ ನರಗಳಿಗೆ ಅದು ಗೊತ್ತಾದಾಗ ನಮಗೆ ಉರಿ ಅನ್ನಿಸುತ್ತದೆ. ಅರ್ಧ ನಿಮಿಷ ದಾಟಿದ ಸೆಟ್‌ಗಳಲ್ಲಿ (ನಿಲ್ಲಿಸದೆ ಮಾಡುವ ಒಂದು ಸುತ್ತು ಅಂದರೆ ಒಂದು ಸೆಟ್) ಇದು ಜೋರು. ನಿಮ್ಮ ಆರು ರೆಪ್ಸ್ 15-20 ಸೆಕೆಂಡಿಗೆ ಮುಗಿದುಹೋಗುತ್ತದೆ. ಉರಿಯುವಷ್ಟು ಹೊತ್ತೇ ಸಿಗುವುದಿಲ್ಲ. ಅಂದರೆ ಉರಿ ಹೇಳುವುದು ಎಷ್ಟು ಹೊತ್ತು ಎತ್ತಿದಿರಿ ಅನ್ನುವುದನ್ನೇ ಹೊರತು ಮಸಲ್ ಎಷ್ಟು ಬೆಳೆಯುತ್ತದೆ ಅನ್ನುವುದನ್ನಲ್ಲ. ಐದು ರೆಪ್ಸ್ ಇರಲಿ, ಮೂವತ್ತು ಇರಲಿ, ಇನ್ನು ಒಂದೆರಡು ಮಾತ್ರ ಸಾಧ್ಯ ಅನ್ನುವ ಹಂತದವರೆಗೆ ಹೋದರೆ ಮಸಲ್ ಬೆಳೆಯುತ್ತದೆ.

ನನಗೂ ಒಬ್ಬ ಟ್ರೈನರ್ ‘ಉರಿ ಬರ್ತಿಲ್ಲ, ವೇಟ್ ಇಳಿಸಿ’ ಅಂದಿದ್ದರು. ಪ್ರತಿ ಸೆಟ್ 25 ರೆಪ್ಸ್ ಮಾಡಿದೆ. ಎದೆ ಚೆನ್ನಾಗಿಯೇ ಉರಿಯುತ್ತಿತ್ತು. ಆದರೆ ನೋವು ತಡೆಯಲಾರದೆ ಮಸಲ್ ಸೋಲುವ ಮೊದಲೇ ನಿಲ್ಲಿಸುತ್ತಿದ್ದೆ. ಆರು ತಿಂಗಳಾದರೂ ನನ್ನ ಬೆಂಚ್ 50 ಕೆಜಿ ಬಿಟ್ಟು ಮೇಲೆ ಹೋಗಲಿಲ್ಲ. ಆ ದಿನಗಳನ್ನು ನೆನೆದರೆ ಈಗಲೂ ಬೇಜಾರಾಗುತ್ತದೆ.

ಹಾಗಂತ ನಿಮ್ಮ ರೊಟೀನ್‌ನಲ್ಲಿ ನೋಡಬೇಕಾದ್ದು ಏನೂ ಇಲ್ಲ ಅಂತಲ್ಲ. ಮೊದಲು ರೆಸ್ಟ್ ನೋಡಿ. ಮೊದಲ ಸೆಟ್‌ನಲ್ಲಿ ಆರು ಬಂದು, ಒಂದು ನಿಮಿಷ ಬಿಟ್ಟು ಮಾಡಿದ ಎರಡನೆಯದರಲ್ಲಿ ಮೂರೇ ಬಂದರೆ ಸುಸ್ತು ಇಳಿದಿಲ್ಲ ಅಂತ ಅರ್ಥ. ಮೂರು ನಿಮಿಷ ಕೂತುಕೊಳ್ಳಿ, ಮೊಬೈಲ್‌ನಲ್ಲಿ ಟೈಮರ್ ಇಟ್ಟೇ ಕೂತುಕೊಳ್ಳಿ. ಸುಮ್ನೆ ಅಂದಾಜಿನಲ್ಲಿ ಮೂರು ನಿಮಿಷ ಅಂದುಕೊಂಡರೆ ಒಂದೂವರೆಗೇ ಎದ್ದುಬಿಡುತ್ತೇವೆ.

ಆಮೇಲೆ, ಸೋತದ್ದು ಯಾವ ಮಸಲ್ ಅಂತ ಗಮನಿಸಿ. ಬೆಂಚ್‌ನಲ್ಲಿ ಎಷ್ಟೋ ಸಲ ಎದೆಗಿಂತ ಮೊದಲು ತೋಳಿನ ಹಿಂಭಾಗದ ಟ್ರೈಸೆಪ್ಸ್ ಕೈಕೊಡುತ್ತದೆ. ನಿಮ್ಮದೂ ಹಾಗೇ ಆದರೆ ಬೆಂಚ್ ಆದಮೇಲೆ ಎದೆಗೇ ಕೆಲಸ ಕೊಡುವ ಡಂಬೆಲ್ ಫ್ಲೈ (ಮಲಗಿ, ಎರಡೂ ಕೈಯಲ್ಲಿ ಡಂಬೆಲ್ ಹಿಡಿದು ತೋಳು ಅಗಲಿಸಿ ಮತ್ತೆ ಎದೆ ಮೇಲೆ ಸೇರಿಸುವುದು) ಎರಡು ಸೆಟ್, ತಲಾ 12-15 ರೆಪ್ಸ್ ಸೇರಿಸಿ. ಅಲ್ಲಿ ಉರಿಯೂ ಬರಬಹುದು, ಬಂದರೆ ಬರಲಿ.

ಬೆಂಚ್‌ಗೆ ನಾನು ಈಗ ಮಾಡುವುದನ್ನೇ ಹೇಳುತ್ತೇನೆ. ಎಂಟು ರೆಪ್ಸ್ ಬರುವ ವೇಟ್ ಹಾಕಿಕೊಂಡು ಮೂರು ಸೆಟ್. ಪ್ರತಿ ಸಲ ಒಂದೊಂದು ರೆಪ್ ಹೆಚ್ಚಿಸಲು ನೋಡುತ್ತೇನೆ. ಮೂರರಲ್ಲೂ 12 ಬಂದ ದಿನ ಮುಂದಿನ ಸಲಕ್ಕೆ 2.5 ಕೆಜಿ ಏರಿಸುತ್ತೇನೆ. ಎಲ್ಲವನ್ನೂ ಒಂದು ಪುಟ್ಟ ನೋಟ್‌ಬುಕ್‌ನಲ್ಲಿ ಬರೆದಿಡುತ್ತೇನೆ. ಹೀಗೆ ಶುರು ಮಾಡಿದ ಮೇಲೇ ನನ್ನ ಬೆಂಚ್ 50 ದಾಟಿದ್ದು.

ಪ್ರತಿ ಸೆಟ್‌ನಲ್ಲೂ ಪೂರ್ತಿ ಸೋಲುವವರೆಗೆ ಹೋಗುವುದೂ ಬೇಡ. ಒಂದೆರಡು ರೆಪ್ ಉಳಿಸಿ ನಿಲ್ಲಿಸಿ, ಬೇಕಿದ್ದರೆ ಕೊನೆಯ ಸೆಟ್ ಮಾತ್ರ ಪೂರ್ತಿ. ಆ ಸೆಟ್‌ಗೆ ತಲೆಯ ಹಿಂದೆ ಯಾರನ್ನಾದರೂ ನಿಲ್ಲಿಸಿಕೊಳ್ಳಿ. ಬಾರ್ ಎದೆ ಮೇಲೆ ಕೂತರೆ ಒಬ್ಬರೇ ಏಳುವುದು ಕಷ್ಟ. ಇನ್ನೊಂದು ಮಾತು: ಒಂದೇ ಕೈ ಸೋಲುತ್ತಿದ್ದರೆ, ಜೋಮು ಹಿಡಿಯುತ್ತಿದ್ದರೆ, ಅಥವಾ ಮೊದಲು ಸಲೀಸಾಗಿ ಎತ್ತುತ್ತಿದ್ದ ಭಾರವನ್ನು ಈಗ ಎತ್ತಲಾಗದಿದ್ದರೆ ರೊಟೀನ್ ಬದಲಿಸುತ್ತಾ ಕೂರಬೇಡಿ, ಮೊದಲು ಡಾಕ್ಟರ್‌ಗೆ ತೋರಿಸಿ.